ದುಡಿದು ಓದಿದವರು

ವಿದ್ಯೆಗೆ ಬೆಲೆ ಕಟ್ಟಲಾಗದೆಂದು ಹಿರಿಯರು ಹೇಳುತ್ತಾರೆ. ಆದರೆ ವಿದ್ಯಾರ್ಥಿಯ ಊಟಕ್ಕೆ, ಬಟ್ಟೆಗೆ, ದೀಪದ ಎಣ್ಣೆಗೆ ಬೆಲೆಯುಂಟು. ಬಡವರ ಮಕ್ಕಳ ಓದು ಎಷ್ಟೋ ವೇಳೆ ನಡುವೆಯೇ ನಿಂತುಹೋಗುವುದು ಬುದ್ಧಿಯ ಕೊರತೆಯಿಂದಲ್ಲ. ಈ ಸಣ್ಣ ಬೆಲೆಗಳನ್ನು ತೆರಲಾರದೆ. ಹಿಂದೆ ಮೈಸೂರು ಸೀಮೆಯ ಪಟ್ಟಣಗಳಿಗೆ ಓದಲು ಬಂದ ಬಡ ಹುಡುಗರು ವಾರಾನ್ನದ ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿದರು. ಬಡಿಸಿದವರ ಔದಾರ್ಯ ದೊಡ್ಡದು. ಆದರೂ ಪರರ ಬಾಗಿಲಲ್ಲಿ ನಿಂತ ಹುಡುಗನ ಸಂಕೋಚ ಸಣ್ಣದಾಗಿರಲಿಲ್ಲ. ಆ ಬಾಗಿಲುಗಳು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ.

ಇದೇ ಕಷ್ಟಕ್ಕೆ ಕಡಲಾಚೆಯ ಅಮೆರಿಕದಲ್ಲಿ ಬೇರೊಂದು ದಾರಿ ಕಾಣಿಸಿತು. ವಿದ್ಯಾರ್ಥಿಯು ತಾನು ಓದುವ ಸಂಸ್ಥೆಯ ಆವರಣದಲ್ಲಿಯೇ ದುಡಿದು, ಆ ದುಡಿಮೆಯಿಂದಲೇ ತನ್ನ ಊಟವಸತಿಗಳ ವೆಚ್ಚವನ್ನು ತೀರಿಸುವ ದಾರಿ ಅದು. ಈ ದಾರಿಯಲ್ಲಿ ನಡೆದು ಹೆಸರಾದವರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಒಬ್ಬರು.

ಬೂಕರ್ 1856ರಲ್ಲಿ ವರ್ಜೀನಿಯಾ ರಾಜ್ಯದ ಒಂದು ತೋಟದಲ್ಲಿ ಗುಲಾಮನಾಗಿ ಹುಟ್ಟಿದನು. ದಕ್ಷಿಣದ ಹಲವು ರಾಜ್ಯಗಳಲ್ಲಿ ಆಗ ಕಪ್ಪುಜನರಿಗೆ ಅಕ್ಷರ ಕಲಿಸುವುದನ್ನು ತಡೆಯುವ ಕಾನೂನುಗಳೇ ಇದ್ದವು. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮರು ಬಿಡುಗಡೆ ಹೊಂದಿದ ಮೇಲೆ ಅವನ ಕುಟುಂಬ ಪಶ್ಚಿಮ ವರ್ಜೀನಿಯಾದ ಮಾಲ್ಡನ್ ಎಂಬ ಊರಿಗೆ ಬಂದು ನೆಲಸಿತು. ಅಲ್ಲಿ ಅವನು ಉಪ್ಪು ಬೇಯಿಸುವ ಒಲೆಗಳ ಬಳಿ ದುಡಿದನು. ಕಲ್ಲಿದ್ದಲ ಗಣಿಗೂ ಇಳಿದನು. ಒಂದು ದಿನ ಗಣಿಯ ಕತ್ತಲಲ್ಲಿ ಇಬ್ಬರು ಕೆಲಸಗಾರರು ಮಾತನಾಡಿಕೊಳ್ಳುತ್ತಿದ್ದುದು ಅವನ ಕಿವಿಗೆ ಬಿದ್ದಿತು. ಹ್ಯಾಂಪ್ಟನ್ ಎಂಬಲ್ಲಿ ಕಪ್ಪುಜನರಿಗಾಗಿ ಒಂದು ದೊಡ್ಡ ಶಾಲೆಯುಂಟೆಂದೂ ಅಲ್ಲಿ ಬಡ ಹುಡುಗರು ಕೆಲಸ ಮಾಡಿ ಊಟದ ಖರ್ಚನ್ನು ತೀರಿಸಬಹುದೆಂದೂ ಅವರು ಹೇಳಿಕೊಳ್ಳುತ್ತಿದ್ದರು. ಹುಡುಗನು ಸದ್ದಿಲ್ಲದೆ ತೆವಳಿ ಅವರ ಹತ್ತಿರಕ್ಕೆ ಹೋಗಿ ಎಲ್ಲವನ್ನೂ ಕೇಳಿಸಿಕೊಂಡನು. ಆ ಶಾಲೆ ಎಲ್ಲಿದೆ, ಎಷ್ಟು ದೂರವಿದೆ ಎಂಬುದೊಂದೂ ಅವನಿಗೆ ತಿಳಿಯದು.

ದೂರ ಸುಮಾರು 500 ಮೈಲಿ. 1872ರಲ್ಲಿ ಅವನು ಮನೆಯಿಂದ ಹೊರಟಾಗ ಅವನಿಗೆ ಹದಿನಾರರ ಆಸುಪಾಸಿನ ವಯಸ್ಸು. ಸ್ವಲ್ಪ ದೂರ ಬಂಡಿಯಲ್ಲಿ, ಸ್ವಲ್ಪ ದೂರ ಕಾಲ್ನಡಿಗೆಯಲ್ಲಿ ಸಾಗಿ ರಿಚ್ಮಂಡ್ ನಗರವನ್ನು ಸೇರುವ ವೇಳೆಗೆ ಕೈಯಲ್ಲಿ ಒಂದು ಕಾಸೂ ಉಳಿದಿರಲಿಲ್ಲ. ಹಲಗೆ ಹಾಸಿದ ಕಾಲುದಾರಿಯೊಂದರ ಅಡಿಯಲ್ಲಿ ನುಸುಳಿ, ಬಟ್ಟೆಯ ಗಂಟನ್ನೇ ತಲೆದಿಂಬಾಗಿಸಿಕೊಂಡು ಮಲಗಿದನು. ಇಡೀ ರಾತ್ರಿ ತಲೆಯ ಮೇಲೆ ಜನ ನಡೆದಾಡುವ ಸಪ್ಪಳ. ಬೆಳಗ್ಗೆ ಕಬ್ಬಿಣ ತುಂಬಿಕೊಂಡು ಬಂದಿದ್ದ ಹಡಗೊಂದನ್ನು ಕಂಡು, ಅದರ ಯಜಮಾನನನ್ನು ಬೇಡಿ ಸರಕು ಇಳಿಸುವ ಕೂಲಿಗೆ ನಿಂತನು. ಹೀಗೆ ಕೆಲವು ದಿನ ದುಡಿದು ದಾರಿಖರ್ಚು ಕೂಡಿಸಿಕೊಂಡು ಹ್ಯಾಂಪ್ಟನ್ನಿಗೆ ಬಂದಾಗ ಅವನ ಜೇಬಿನಲ್ಲಿ ಉಳಿದದ್ದು 50 ಸೆಂಟು, ಎಂದರೆ ಅರ್ಧ ಡಾಲರು.

ಸ್ನಾನವಿಲ್ಲದ ಮೈ, ಕೊಳೆಯಾದ ಬಟ್ಟೆ. ಮುಖ್ಯ ಉಪಾಧ್ಯಾಯಿನಿಯಾಗಿದ್ದ ಮೇರಿ ಮ್ಯಾಕಿಯವರು ಅವನನ್ನು ಸೇರಿಸಿಕೊಳ್ಳುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅವನ ಕಣ್ಣೆದುರಿಗೇ ಬೇರೆ ವಿದ್ಯಾರ್ಥಿಗಳು ಸೇರಿಕೊಳ್ಳುತ್ತಿದ್ದರು. ಕೆಲವು ಗಂಟೆ ಕಳೆದ ಮೇಲೆ ಅವರು ಅವನನ್ನು ಕರೆದು, ಪಕ್ಕದ ಪಾಠದ ಕೋಣೆಯನ್ನು ಗುಡಿಸಬೇಕಾಗಿದೆ, ಪೊರಕೆ ತೆಗೆದುಕೊಂಡು ಗುಡಿಸು ಎಂದರು.

ಬೂಕರನು ಆ ಕೋಣೆಯನ್ನು ಮೂರು ಸಲ ಗುಡಿಸಿದನು. ಬಟ್ಟೆ ಹಿಡಿದು ನಾಲ್ಕು ಸಲ ಧೂಳು ಒರೆಸಿದನು. ಗೋಡೆಯ ಮರಗೆಲಸ, ಬೆಂಚು, ಮೇಜು ಯಾವುದನ್ನೂ ಬಿಡಲಿಲ್ಲ; ಪೀಠೋಪಕರಣಗಳನ್ನೆಲ್ಲ ಸರಿಸಿ ಮೂಲೆಮೂಲೆಗಳನ್ನೂ ಶುಚಿಮಾಡಿದನು. ಮ್ಯಾಕಿಯವರು ಬಂದು ನೆಲವನ್ನು ನೋಡಿದರು, ಕಪಾಟುಗಳೊಳಗೆ ಇಣುಕಿದರು, ತಮ್ಮ ಕರವಸ್ತ್ರವನ್ನು ತೆಗೆದು ಗೋಡೆಗೂ ಬೆಂಚುಗಳಿಗೂ ಉಜ್ಜಿದರು. ಕರವಸ್ತ್ರಕ್ಕೆ ಒಂದು ಕಣ ಧೂಳೂ ಅಂಟಲಿಲ್ಲ. ಅವನಿಗೆ ಪ್ರವೇಶ ದೊರೆಯಿತು. ಇಷ್ಟೊಂದು ಕಟ್ಟುನಿಟ್ಟಾದ ಪ್ರವೇಶ ಪರೀಕ್ಷೆಯನ್ನು ಕೊಟ್ಟ ವಿದ್ಯಾರ್ಥಿಗಳು ಕಡಮೆ.

ಪ್ರವೇಶದೊಂದಿಗೆ ಶಾಲೆಯ ಜವಾನನ ಕೆಲಸವೂ ಸಿಕ್ಕಿತು. ಊಟವಸತಿಗೆ ತಿಂಗಳಿಗೆ 10 ಡಾಲರು; ಅದರ ಒಂದು ಭಾಗವನ್ನು ಹಣವಾಗಿ ಕೊಟ್ಟು ಉಳಿದುದನ್ನು ದುಡಿಮೆಯಿಂದ ತೀರಿಸಬೇಕೆಂಬುದು ಅಲ್ಲಿಯ ನಿಯಮ. ಕೊಡಲು ಹಣವೆಲ್ಲಿಯದು? ಬಹುಮಟ್ಟಿಗೆ ಎಲ್ಲವನ್ನೂ ದುಡಿಮೆಯಿಂದಲೇ ತೀರಿಸಬೇಕಾಯಿತು. ಹಲವಾರು ಕೋಣೆಗಳ ಜವಾಬ್ದಾರಿ ಅವನದು. ಅಗ್ಗಿಷ್ಟಿಕೆಗಳನ್ನು ಹೊತ್ತಿಸಲೂ ತನ್ನ ಪಾಠಗಳನ್ನು ಓದಿಕೊಳ್ಳಲೂ ಬೆಳಗಿನ ನಾಲ್ಕು ಗಂಟೆಗೇ ಏಳುತ್ತಿದ್ದನು. ಬೋಧನೆಯ ಶುಲ್ಕವಾದ ವರ್ಷಕ್ಕೆ 70 ಡಾಲರುಗಳನ್ನು ತೆರುವುದು ಅವನಿಂದಾಗದ ಮಾತು. ಸಂಸ್ಥೆಯನ್ನು 1868ರಲ್ಲಿ ಸ್ಥಾಪಿಸಿದ್ದ ಜನರಲ್ ಸ್ಯಾಮ್ಯುಯೆಲ್ ಆರ್ಮ್‌ಸ್ಟ್ರಾಂಗ್ ಅವರು ಒಬ್ಬ ದಾನಿಯಿಂದ ಆ ಹಣವನ್ನು ಕೊಡಿಸಿದರು. ಕೇವಲ ಪೊರಕೆಯ ಬಲದಿಂದ ಆ ಹುಡುಗನ ಓದು ಸಾಗಿತೆಂದು ಹೇಳಿದರೆ ಅದು ಅರ್ಧ ಸತ್ಯವಾಗುತ್ತದೆ. ದುಡಿಮೆ ಊಟ ಕೊಟ್ಟಿತು. ಪಾಠದ ಬೆಲೆಯನ್ನು ಇನ್ನೊಬ್ಬರು ತೆತ್ತರು.

ಹ್ಯಾಂಪ್ಟನ್ನಿನಲ್ಲಿ ಅವನು ಕಲಿತದ್ದು ಪುಸ್ತಕದ ಪಾಠಗಳನ್ನು ಮಾತ್ರವಲ್ಲ. ಹಾಸಿಗೆಯ ಮೇಲೆ ಎರಡು ಹೊದಿಕೆಗಳನ್ನು ಕಂಡು ಮೊದಲ ರಾತ್ರಿ ಎರಡರ ಅಡಿಯಲ್ಲಿಯೂ, ಎರಡನೆಯ ರಾತ್ರಿ ಎರಡರ ಮೇಲೆಯೂ ಮಲಗಿದನಂತೆ. ಮೂರನೆಯ ರಾತ್ರಿಗೆ ಉಳಿದ ಹುಡುಗರನ್ನು ನೋಡಿ ನಡುವೆ ಮಲಗಬೇಕೆಂಬುದು ತಿಳಿಯಿತು. ಇದ್ದ ಒಂದೇ ಜೊತೆ ಕಾಲುಚೀಲವನ್ನು ರಾತ್ರಿ ಒಗೆದು, ಬೆಂಕಿಯ ಬಳಿ ಒಣಗಿಸಿ, ಬೆಳಗ್ಗೆ ತೊಡುತ್ತಿದ್ದನು. ಮೊದಲ ವರ್ಷ ಮುಗಿದಾಗ ಶಾಲೆಗೆ 16 ಡಾಲರು ಸಾಲ ಉಳಿಯಿತು. ಬೇಸಗೆಯಲ್ಲಿ ಒಂದು ಉಪಾಹಾರಗೃಹದಲ್ಲಿ ಕೆಲಸಮಾಡಿದರೂ ಆ ಸಾಲ ತೀರಲಿಲ್ಲ. ಅಲ್ಲಿ ಮೇಜಿನ ಕೆಳಗೆ 10 ಡಾಲರಿನ ಒಂದು ಹೊಸ ನೋಟು ಸಿಕ್ಕಿತು; ಅವನು ಅದನ್ನು ಯಜಮಾನನಿಗೆ ತೋರಿಸಿದನು; ಯಜಮಾನನು ಸಂತೋಷದಿಂದ ಅದನ್ನು ತನ್ನ ಜೇಬಿಗೆ ಸೇರಿಸಿದನು. ಕಡೆಗೆ ಶಾಲೆಯ ಖಜಾಂಚಿಗಳು, ಸಾಧ್ಯವಾದಾಗ ಸಲ್ಲಿಸೆಂದು ಹೇಳಿ ಅವನನ್ನು ಮತ್ತೆ ಸೇರಿಸಿಕೊಂಡರು.

ಎರಡನೆಯ ವರ್ಷದ ರಜೆಯ ಕೊನೆಯಲ್ಲಿ ಮ್ಯಾಕಿಯವರ ಕಾಗದ ಬಂದಿತು. ಶಾಲೆ ತೆರೆಯುವುದಕ್ಕೆ ಎರಡು ವಾರ ಮೊದಲೇ ಬಂದು ಕಟ್ಟಡಗಳನ್ನು ಸಿದ್ಧಗೊಳಿಸಲು ನೆರವಾಗಬೇಕೆಂದು ಬರೆದಿದ್ದರು. ಉತ್ತರದ ಪ್ರತಿಷ್ಠಿತ ಮನೆತನದಲ್ಲಿ ಹುಟ್ಟಿದ ಆಕೆ ಆ ಎರಡು ವಾರವೂ ಅವನ ಪಕ್ಕದಲ್ಲಿ ನಿಂತು ಕಿಟಕಿಗಳನ್ನು ತೊಳೆದರು, ಹಾಸಿಗೆಗಳನ್ನು ಸರಿಪಡಿಸಿದರು. ಕೈಯಿಂದ ಮಾಡುವ ಕೆಲಸವೆಂದರೆ ಗುಲಾಮತನದ ಗುರುತು ಎಂದೇ ತಿಳಿದು ಬೆಳೆದ ಹುಡುಗನಿಗೆ ಯಾವ ಉಪನ್ಯಾಸವೂ ಇದನ್ನು ಇಷ್ಟು ಚೆನ್ನಾಗಿ ಕಲಿಸಲಾರದು. 1875ರಲ್ಲಿ ಅವನು ಹ್ಯಾಂಪ್ಟನ್ನಿನ ಶಿಕ್ಷಣವನ್ನು ಮುಗಿಸಿದನು.

ಕೆಲವು ವರ್ಷಗಳ ಅನಂತರ ವಾಷಿಂಗ್ಟನ್ನರು ಅದೇ ಸಂಸ್ಥೆಗೆ ಉಪಾಧ್ಯಾಯರಾಗಿ ಮರಳಿ ಬಂದರು. ಅರೆಪಾಲು ಖರ್ಚನ್ನೂ ಕೊಡಲಾರದವರಿಗಾಗಿ ಆಗ ಅಲ್ಲಿ ಒಂದು ರಾತ್ರಿಶಾಲೆ ಆರಂಭವಾಗಿ, ಅದರ ಹೊಣೆ ಅವರ ಮೇಲೆ ಬಿದ್ದಿತು. ಆ ಶಾಲೆಯ ಹುಡುಗರು ಹಗಲು ಮರ ಕೊಯ್ಯುವ ಕಾರ್ಖಾನೆಯಲ್ಲಿ, ಹುಡುಗಿಯರು ಬಟ್ಟೆ ಒಗೆಯುವ ವಿಭಾಗದಲ್ಲಿ 10 ಗಂಟೆ ದುಡಿಯಬೇಕು. ಸಂಜೆ 2 ಗಂಟೆ ಪಾಠ. ಕೂಲಿಯಲ್ಲಿ ಊಟದ ಖರ್ಚನ್ನು ಕಳೆದು ಉಳಿದುದನ್ನು ಸಂಸ್ಥೆಯ ಖಜಾನೆಯಲ್ಲಿ ಇಡಲಾಗುತ್ತಿತ್ತು. ಒಂದೆರಡು ವರ್ಷ ಹೀಗೆ ಕಳೆದ ಮೇಲೆ ಆ ಹಣದ ಬಲದಿಂದ ಹಗಲಿನ ತರಗತಿಗೆ ಸೇರಬಹುದು. ಸುಮಾರು ಹನ್ನೆರಡು ಮಂದಿಯಿಂದ ಆರಂಭವಾದ ಆ ತರಗತಿಯಲ್ಲಿ ರಾತ್ರಿ ಮಲಗುವ ಗಂಟೆ ಬಾರಿಸಿದ ಮೇಲೂ ಪಾಠವನ್ನು ಮುಂದುವರಿಸಬೇಕೆಂದು ಕೇಳುವವರಿದ್ದರು. ಅವರ ಛಲ ಮೆಚ್ಚತಕ್ಕದ್ದು. ಆದರೆ 10 ಗಂಟೆ ಮರ ಕೊಯ್ದು ಬಂದ ಕೈ ಲೇಖನಿ ಹಿಡಿಯುವಾಗ ಎಷ್ಟು ನಡುಗುತ್ತಿತ್ತೆಂಬುದನ್ನೂ ನೆನೆಯಬೇಕು.

1881ರ ಜುಲೈ 4ರಂದು ವಾಷಿಂಗ್ಟನ್ನರು ಅಲಬಾಮ ರಾಜ್ಯದ ಟಸ್ಕೀಗಿಯಲ್ಲಿ 30 ವಿದ್ಯಾರ್ಥಿಗಳೊಡನೆ ಹೊಸ ಶಾಲೆಯೊಂದನ್ನು ತೆರೆದರು. ಪಾಳುಬಿದ್ದ ತೋಟವೊಂದನ್ನು ಕೊಂಡು, ವಿದ್ಯಾರ್ಥಿಗಳ ಕೈಯಿಂದಲೇ ಶಾಲೆಯನ್ನು ಕಟ್ಟಿಸಲು ಹೊರಟರು. ಮೊದಲು ಎದುರಾದದ್ದು ವಿದ್ಯಾರ್ಥಿಗಳ ಅಸಮಾಧಾನವೇ. ಅವರಲ್ಲಿ ಕೆಲವರು ಆಗಲೇ ಉಪಾಧ್ಯಾಯರಾಗಿದ್ದವರು. ನೆಲ ಅಗೆಯಲು ಬಂದವರಲ್ಲ. ವಾಷಿಂಗ್ಟನ್ನರು ತಾವೇ ಕೊಡಲಿಯನ್ನು ಹೆಗಲಿಗೇರಿಸಿ ಮುಂದೆ ನಡೆದಾಗ ಅವರೂ ಹಿಂದೆ ಬಂದರು. ತಮ್ಮ ಮಕ್ಕಳಿಗೆ ಪುಸ್ತಕವನ್ನು ಮಾತ್ರ ಕಲಿಸಿರೆಂದು ತಂದೆತಾಯಿಗಳು ಬರೆದು ಕಳಿಸಿದರು. ತಲೆಮಾರುಗಳ ಕಾಲ ಬಿಟ್ಟಿ ದುಡಿದವರ ಮನಸ್ಸು ಅದು. ಅದನ್ನು ಅಲ್ಲಗಳೆಯುವುದು ಸುಲಭವಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಇಟ್ಟಿಗೆಯ ಕೆಲಸ. ಮೊಣಕಾಲುದ್ದ ಕೆಸರಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಬೇಸರಗೊಂಡು ಕೆಲವರು ಶಾಲೆಯನ್ನೇ ಬಿಟ್ಟುಹೋದರು. ಸುಮಾರು 25,000 ಇಟ್ಟಿಗೆಗಳ ಮೊದಲ ಗೂಡು ಸರಿಯಾಗಿ ಬೇಯದೆ ಹಾಳಾಯಿತು. ಎರಡನೆಯದೂ ಕೆಟ್ಟಿತು. ಮೂರನೆಯದು ಸುಟ್ಟು ಮುಗಿಯಲು ಕೆಲವೇ ಗಂಟೆಗಳಿರುವಾಗ ನಡುರಾತ್ರಿಯಲ್ಲಿ ಕುಸಿದುಬಿದ್ದಿತು. ಹಣವೂ ಮುಗಿಯಿತು. ವಾಷಿಂಗ್ಟನ್ನರು ತಮ್ಮ ಗಡಿಯಾರವನ್ನು ಗಿರವಿಯಿಟ್ಟು 15 ಡಾಲರು ತಂದರು. ನಾಲ್ಕನೆಯ ಗೂಡು ಕೈಗೂಡಿತು. ಗಿರವಿಯ ಗಡುವು ಮೀರಿ ಗಡಿಯಾರ ಹೋಯಿತು. ಇಪ್ಪತ್ತು ವರ್ಷ ಕಳೆಯುವ ವೇಳೆಗೆ ಒಂದು ಹಂಗಾಮಿನಲ್ಲಿ 12 ಲಕ್ಷ ಇಟ್ಟಿಗೆಗಳು ಅಲ್ಲಿ ತಯಾರಾಗುತ್ತಿದ್ದವು. ಸಂಸ್ಥೆಯ 40 ಕಟ್ಟಡಗಳಲ್ಲಿ ನಾಲ್ಕರ ಹೊರತು ಉಳಿದವೆಲ್ಲ ಬಹುತೇಕ ವಿದ್ಯಾರ್ಥಿಗಳು ಕಟ್ಟಿದವು. ಹೊಸಬನೊಬ್ಬನು ಗೋಡೆಯ ಮೇಲೆ ಚಾಕುವಿನಿಂದ ಹೆಸರು ಕೆತ್ತಲು ಹೋದರೆ, ಇದು ನಾನು ಕಟ್ಟಿದ ಗೋಡೆ ಎಂದು ತಡೆಯುವ ಹಳಬನೊಬ್ಬನು ಅಲ್ಲಿರುತ್ತಿದ್ದನಂತೆ.

ಈ ಶಿಕ್ಷಣಕ್ರಮವನ್ನು ಎಲ್ಲರೂ ಮೆಚ್ಚಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ವಿದ್ವಾಂಸರಾದ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರು 1903ರಲ್ಲಿ ಇದನ್ನು ಬಲವಾಗಿ ಖಂಡಿಸಿದರು. ಕಸುಬಿಗೇ ಹೆಚ್ಚಿನ ಬೆಲೆ ಕೊಟ್ಟು ಉನ್ನತ ವಿದ್ಯೆಯನ್ನೂ ಮತದಾನದ ಹಕ್ಕನ್ನೂ ಹಿಂದಕ್ಕೆ ತಳ್ಳಿದರೆ ಒಂದು ಜನಾಂಗವೇ ಕೆಳಗೆ ಉಳಿಯುವುದೆಂಬುದು ಅವರ ವಾದ. ವಾದದಲ್ಲಿ ಹುರುಳಿತ್ತು. ಇಟ್ಟಿಗೆ ಮಾಡಲು ಬಲ್ಲವನಿಗೆ ಕಾನೂನನ್ನೂ ತತ್ತ್ವಶಾಸ್ತ್ರವನ್ನೂ ಓದುವ ಬಿಡುವು ಬೇಕು. ದುಡಿಯುವುದು ಓದಿಗಾಗಿಯೋ, ಅಥವಾ ಓದಿನ ಹೆಸರಿನಲ್ಲಿ ದುಡಿಮೆಯೋ ಎಂಬುದು ಆವರಣದ ದುಡಿಮೆಯನ್ನು ಕುರಿತು ಎಲ್ಲೆಡೆಯೂ ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಬಹುಮಟ್ಟಿಗೆ ಗಡಿಯಾರದಲ್ಲಿದೆ.

ಕೆಂಟಕಿ ರಾಜ್ಯದ ಬೆರಿಯಾ ಕಾಲೇಜು ಈ ಪ್ರಶ್ನೆಯನ್ನು ಎದುರಿಸಿದ ಬಗೆ ಗಮನಾರ್ಹವಾದುದು. 1855ರಲ್ಲಿ ಆರಂಭವಾದ ಈ ಸಂಸ್ಥೆ 1892ರಿಂದ ಬೋಧನಾ ಶುಲ್ಕವನ್ನು ವಿದ್ಯಾರ್ಥಿಗಳಿಂದ ಪಡೆಯುತ್ತಿಲ್ಲ. ಅಲ್ಲಿ ಬಡವನೊಬ್ಬನೇ ದುಡಿಯುವುದಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಯಾವುದಾದರೊಂದು ಕೆಲಸವನ್ನು ಮಾಡಬೇಕು. ಎಲ್ಲರ ಕೈಯಲ್ಲಿಯೂ ಕೆಲಸವಿರುವುದರಿಂದ ಯಾರ ಕೆಲಸವೂ ನಾಚಿಕೆಯದಾಗುವುದಿಲ್ಲ. ದುಡಿಮೆಯ ಅವಧಿ ಮಿತವಾದುದರಿಂದ ಓದೂ ಕೆಡುವುದಿಲ್ಲ.

ನಮ್ಮ ದೇಶದಲ್ಲಿಯೂ ಇಂತಹ ಯತ್ನಗಳು ನಡೆದಿವೆ. ಕೃಷ್ಣಾನದಿ ಹುಟ್ಟಿ ಕನ್ನಡ ನಾಡಿನತ್ತ ಹರಿದುಬರುವ ಸಾತಾರಾ ಜಿಲ್ಲೆಯಲ್ಲಿ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಗಳಿಸುತ್ತ ಕಲಿಯುವುದು ಅದರ ವ್ರತ. ಎಲ್ಲ ಜಾತಿಯ ಹುಡುಗರೂ ಒಂದೇ ವಸತಿನಿಲಯದಲ್ಲಿ ಉಂಡು, ಹೊಲದಲ್ಲಿ ಒಟ್ಟಿಗೆ ದುಡಿದು ಓದಿದರು.

1964ರಲ್ಲಿ ಅಮೆರಿಕದ ಸರ್ಕಾರವೇ ಒಂದು ಕಾನೂನನ್ನು ಮಾಡಿ, ಬಡ ವಿದ್ಯಾರ್ಥಿಗಳ ಇಂತಹ ದುಡಿಮೆಯ ಕೂಲಿಯಲ್ಲಿ ದೊಡ್ಡ ಪಾಲನ್ನು ತಾನು ಕೊಡಲು ಮುಂದಾಯಿತು. ಪರದೇಶಗಳಿಂದ ಬಂದವರಿಗೆ ಆ ನೆರವು ಇಲ್ಲವಾದರೂ ಕಾಲೇಜಿನ ಆವರಣದಲ್ಲಿ ಕೆಲಸಮಾಡಲು ಅನುಮತಿಯುಂಟು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಅಲ್ಲಿಗೆ ಓದಲು ಹೋದ ಎಷ್ಟೋ ತರುಣ ತರುಣಿಯರು ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಜೋಡಿಸುತ್ತಾರೆ, ಭೋಜನಶಾಲೆಯಲ್ಲಿ ತಟ್ಟೆಗಳನ್ನು ತೊಳೆಯುತ್ತಾರೆ. ಊರಿನ ಮನೆಯಲ್ಲಿ ಉಂಡ ತಟ್ಟೆಯನ್ನು ಎತ್ತದೆ ಬೆಳೆದವರೂ ಅವರಲ್ಲಿಲ್ಲದಿಲ್ಲ. ಪಾಠಗಳು ನಡೆಯುವ ಕಾಲದಲ್ಲಿ ಅವರು ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಹ್ಯಾಂಪ್ಟನ್ನಿನ ರಾತ್ರಿಶಾಲೆಯವರು ಅಷ್ಟು ದುಡಿಮೆಯನ್ನು ಎರಡು ದಿನಗಳಲ್ಲಿ ಮುಗಿಸಿ ಪಾಠಕ್ಕೆ ಬಂದು ಕೂರುತ್ತಿದ್ದರು.