ಗಂಜಿಗೆ ಲೈಕ್ ಬೇಡ

ಬಿ.ಸಿ.ರೋಡಿನಲ್ಲಿ ಮೂಡುಬಿದಿರೆ ಬಸ್ಸು ಹತ್ತಿದರೆ ಸಿದ್ದಕಟ್ಟೆ ಬರುವಷ್ಟರಲ್ಲಿ ಪಕ್ಕದ ಸೀಟಿನ ಫೋನಿನಿಂದ ಮೂರು ತೀರ್ಪು ಕೇಳಿಸುತ್ತದೆ: ಅನ್ನ ವಿಷ, ಹಾಲು ವಿಷ, ತೆಂಗಿನೆಣ್ಣೆ ಅಮೃತ. ವೇಣೂರು ದಾಟಿ ಬೆಳ್ತಂಗಡಿಗೆ ಹೋದರೆ ತೆಂಗಿನೆಣ್ಣೆಯೂ ವಿಷವಾಗಿರುತ್ತದೆ. ಇಂಥ ತೀರ್ಪು ಕೇಳಿ ಕೇಳಿ ಶುದ್ಧ ಊಟದ ಗೀಳು ಹಿಡಿಸಿಕೊಂಡವರಿಗಾಗಿ ಕೆಲವು ಸೂತ್ರ.

1. ಈ ಗೀಳಿಗೊಂದು ಹೆಸರಿದೆ, ತಿಳಿದಿರಲಿ: ಆರ್ಥೊರೆಕ್ಸಿಯಾ. 1997ರಲ್ಲಿ ಈ ಹೆಸರಿಟ್ಟ ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್‌ಮನ್ ಅವರಿಗೇ ಅದು ಹಿಡಿದಿತ್ತು. ಎಷ್ಟು ತಿಂದೆ ಎಂಬುದಲ್ಲ, ಎಷ್ಟು ಶುದ್ಧವಾದದ್ದು ತಿಂದೆ ಎಂಬುದೇ ಇಲ್ಲಿ ಚಿಂತೆ.

2. ಇನ್‌ಸ್ಟಾಗ್ರಾಂ ಬಳಕೆ ಹೆಚ್ಚಿದ್ದವರಲ್ಲಿ ಈ ಲಕ್ಷಣವೂ ಹೆಚ್ಚೆಂದು 2017ರಲ್ಲಿ ಲಂಡನ್ನಿನ ಸಂಶೋಧಕರಿಬ್ಬರು ಕಂಡರು. ಒಂದು ಡಯೆಟ್ ರೀಲ್ ಪೂರ್ತಿ ನೋಡಿ, ಹತ್ತು ಬೆನ್ನು ಹತ್ತುತ್ತವೆ. 'ಆಸಕ್ತಿ ಇಲ್ಲ' ಒತ್ತುತ್ತ ಬನ್ನಿ.

3. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ ಹಂತಿಗೆ ಕುಳಿತು ಬಡಿಸಿದ್ದನ್ನು ಉಣ್ಣಿ. ಎಣ್ಣೆ ಯಾವುದೋ, ಅಕ್ಕಿಗೆ ಪಾಲಿಶ್ ಆಗಿದೆಯೋ ಎಂದು ತುತ್ತು ಗಂಟಲಲ್ಲೇ ನಿಂತರೆ ತಪ್ಪು ಅನ್ನದ್ದಲ್ಲ. (ಸಕ್ಕರೆ ಕಾಯಿಲೆಗೆ ವೈದ್ಯರು ಹೇಳಿದ ಪಥ್ಯದ ಮಾತು ಬೇರೆ.)

4. ಕಿನೋವಾ ಪೊಟ್ಟಣ ತರಿಸುವ ಮೊದಲು ಅಜ್ಜಿಯ ಅಡುಗೆಮನೆಗೆ ಇಣುಕಿ. ಕುಚ್ಚಲಕ್ಕಿಗೆ ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ರೀಲಿನವರು ಸಾಲ್ಮನ್ ಮೀನಿನಲ್ಲಿ ಹೊಗಳುವ ಒಮೆಗಾ-3 ನಮ್ಮ ಬೂತಾಯಿ ಪುಳಿಮುಂಚಿಯಲ್ಲೂ ಇದೆ. ಆಟಿಯಲ್ಲಿ ತಗತೆ ಸೊಪ್ಪು, ಪತ್ರೊಡೆ ಹೇಗೂ ಇದ್ದದ್ದೇ. ಹಾಗೆಂದು ಗಂಜಿಯನ್ನೇ ಹೊಸ ವ್ರತ ಮಾಡಿಕೊಳ್ಳಬೇಡಿ ಮಾರಾಯ್ರೆ! ಸಂಜೆ ಗೆಳೆಯರು ಗೋಳಿಬಜೆ ತರಿಸಿದರೆ ನಿಮ್ಮ ಪಾಲನ್ನು ಬಿಡಬೇಡಿ. ಆ ತಟ್ಟೆಯ ಸುತ್ತಲಿನ ಪಟ್ಟಾಂಗ ಯಾವ ಪೊಟ್ಟಣದಲ್ಲೂ ಸಿಗುವುದಿಲ್ಲ.

5. ಉಣ್ಣುವಾಗ ಫೋನು ಬೇರೆ ಕೋಣೆಯಲ್ಲಿರಲಿ. ಕಲ್ಲಡ್ಕದ ಕೆ.ಟಿ.ಗೆ ಮಾತ್ರ ವಿನಾಯಿತಿ. ಲೋಟದಲ್ಲಿ ಹಾಲು, ಚಹಾ ಬೇರೆಬೇರೆ ಪದರವಾಗಿ ನಿಂತಿರುವಾಗ ಕೈ ಸುಮ್ಮನಿರದು. ಒಂದೇ ಫೋಟೋ, ಆಮೇಲೆ ಕುಡಿಯಿರಿ.

6. ಯಾರು ಏನು ತಿಂದರೆಂದು ಮನೆಯಲ್ಲಿ ಟೀಕಿಸಬೇಡಿ.

7. ತೂಕ ಇಳಿಯುತ್ತಿದೆಯೇ? ತಲೆಸುತ್ತು, ಮುಟ್ಟು ತಪ್ಪುವುದು, ಊಟದ ಕರೆ ಬಂದರೆ ನೆಪ ಹುಡುಕುವುದು ಇದೆಯೇ? ಹಾಗಿದ್ದರೆ ಈ ಪಟ್ಟಿ ಸಾಲದು, ವೈದ್ಯರಿಗೆ ತೋರಿಸಿ. ಫೋನಿನ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.