ಸಾವಿರ ಹಣತೆ ಕಲಿಸಿದ ವೆಬ್ ಇಂಜಿನಿಯರಿಂಗ್

ಖಾನಾಪುರದಲ್ಲಿ ನನ್ನ ಮಾಮಾ ಕುಂಬಾರಿಕೆ ಮಾಡ್ತಾರೆ. ಬೆಳಗಾವಿಯ ಅಂಗಡಿಯವರು ಫೋನ್ ಮಾಡಿ ಆರ್ಡರ್ ಹೇಳ್ತಾರೆ, ಮಾಮಾ ನೋಟ್‌ಬುಕ್ಕಿನಲ್ಲಿ ಬರ್ಕೋತಾರೆ. ಹೋದ ವರ್ಷ ದೀಪಾವಳಿಗೆ ಮೊದಲು ನಾನು ಎರಡು ರಾತ್ರಿ ಕೂತು ಇದಕ್ಕೊಂದು ವೆಬ್ ಆ್ಯಪ್ ಮಾಡಿದೆ. ಹಾಸ್ಟೆಲ್ ವೈಫೈಯಲ್ಲಿ ಚೆನ್ನಾಗಿ ಓಡ್ತು. ಫ್ರೆಂಡ್ಸ್ ಎಲ್ಲ ಸೂಪರ್ ಅಂದ್ರು.

ಶಹಾಪುರದ ಅಂಗಡಿಯವರೊಬ್ಬರು ಅದರಲ್ಲಿ 500 ಹಣತೆಗೆ ಆರ್ಡರ್ ಹಾಕಿದರು. ನೆಟ್‌ವರ್ಕ್ ನಿಧಾನ ಇತ್ತು. ಪುಟ ಅಲ್ಲಾಡಲಿಲ್ಲ ಅಂತ ಅವರು ಬಟನ್ ಮೂರು ಸಲ ಒತ್ತಿದರು. ಆ್ಯಪ್ ತೋರಿಸಿದ ಒಟ್ಟು ಲೆಕ್ಕ 1500. ಮಾಮಾ ಅಷ್ಟನ್ನೂ ಮಾಡಿ ಆವಿಗೆಯಲ್ಲಿ ಸುಟ್ಟರು. ಹಬ್ಬ ಮುಗಿದ ಮೇಲೆ ಉಳಿದ 1000 ಹಣತೆ ಯಾರು ತಗೋತಾರೆ?

"ನೀ ಮಾಡಿದ್ದರಾಗ 1500 ಅಂತ ಬಂದಿತ್ತು, ನಾ 1500 ಮಾಡೀನಿ. ನಂದೇನ್ ತಪ್ಪೋ ತಮ್ಮಾ?" ಅಂದ್ರು ಮಾಮಾ. ಬೈಯಲಿಲ್ಲ. ಮರುದಿನ ಮತ್ತೆ ನೋಟ್‌ಬುಕ್ ತೆಗೆದರು. ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತು.

ವೆಬ್ ಇಂಜಿನಿಯರಿಂಗ್ ಅಂದ್ರೆ ಏನು?

ಆಮೇಲೆ ಓದಿದಾಗ ಗೊತ್ತಾಯ್ತು, ನನ್ನಂಥವರಿಗಾಗಿಯೇ ಒಂದು ವಿಷಯ ಇದೆ ಅಂತ. 1998ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಅಂತಾರಾಷ್ಟ್ರೀಯ ವೆಬ್ ಸಮ್ಮೇಳನದ ಜೊತೆಗೆ ವೆಬ್ ಇಂಜಿನಿಯರಿಂಗ್ ಬಗ್ಗೆ ಒಂದು ಕಾರ್ಯಾಗಾರ ನಡೆಯಿತು. ಸ್ಯಾನ್ ಮುರುಗೇಸನ್ ಮತ್ತು ಸಂಗಡಿಗರು ಹೇಳಿದ್ದು ಇಷ್ಟು: ವೆಬ್ ಸೈಟುಗಳನ್ನು ಮನಸ್ಸಿಗೆ ಬಂದ ಹಾಗೆ ಕಟ್ಟಬಾರದು. ಅಗತ್ಯ ತಿಳಿಯುವುದು, ವಿನ್ಯಾಸ, ಪರೀಕ್ಷೆ, ನಿರ್ವಹಣೆ ಎಲ್ಲಕ್ಕೂ ಒಂದು ಕ್ರಮ ಬೇಕು. ನಮ್ಮ ಬೆಳಗಾವಿಯಲ್ಲಿ ವಿಟಿಯು ಶುರುವಾದದ್ದೂ ಅದೇ 1998ರಲ್ಲಿ!

ಮಾಮೂಲಿ ಸಾಫ್ಟ್‌ವೇರ್‌ಗೂ ವೆಬ್‌ಗೂ ವ್ಯತ್ಯಾಸ ಏನು? ಬಳಸುವವರ ಫೋನ್ ಯಾವುದು, ನೆಟ್‌ವರ್ಕ್ ಹೇಗಿದೆ, ಒಮ್ಮೆಗೆ ಎಷ್ಟು ಜನ ಬರ್ತಾರೆ, ಯಾವುದೂ ನಮ್ಮ ಕೈಯಲ್ಲಿಲ್ಲ. ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ಶುರುವಾದಾಗ, ಮೊದಲ ದಿನ ವಿಮೆಗೆ ಸೇರಲು ಸಾಧ್ಯವಾದದ್ದು 6 ಜನಕ್ಕೆ ಮಾತ್ರ.

ಹಂತ 1: ಮೊದಲು ನೋಟ್‌ಬುಕ್ ಓದಿ

ನಾನು ಕೋಡ್ ಬರೆಯೋ ಮೊದಲು ಮಾಮಾನ ನೋಟ್‌ಬುಕ್ ತೆರೆದು ನೋಡಿರಲೇ ಇಲ್ಲ. ಈಗ ನೋಡಿದರೆ ಪ್ರತಿ ದೊಡ್ಡ ಆರ್ಡರಿನ ಪಕ್ಕ ಒಂದು ಟಿಕ್ ಗುರುತು. ಏನಿದು ಅಂತ ಕೇಳಿದೆ. "ಮಣ್ಣು ತುಳಿಯೂಕಿಂತ ಮೊದಲ ಇನ್ನೊಮ್ಮೆ ಫೋನ್ ಮಾಡಿ ಕೇಳ್ತೀನಿ. ಹೂಂ ಅಂದ್ರ ಟಿಕ್" ಅಂದ್ರು.

ಅಂದರೆ ಖಚಿತಪಡಿಸುವ ಹಂತ ನೋಟ್‌ಬುಕ್ಕಿನಲ್ಲಿ ಮೊದಲೇ ಇತ್ತು. ಅದನ್ನ ತೆಗೆದು ಹಾಕಿದ್ದು ನನ್ನ ಆ್ಯಪ್. ಸಾಗಿಸುವಾಗ ಒಡೆಯುತ್ತೆ ಅಂತ ನೂರಕ್ಕೆ ಐದು ಹೆಚ್ಚು ಕಳಿಸುವ ಲೆಕ್ಕವೂ ಅದರಲ್ಲಿತ್ತು, ನನ್ನ ಆ್ಯಪ್‌ನಲ್ಲಿ ಇರಲಿಲ್ಲ. ರಿಕ್ವೈರ್‌ಮೆಂಟ್ ಅಂದ್ರೆ ಏನು ಬೇಕು ಅಂತ ಕೇಳೋದಷ್ಟೇ ಅಲ್ಲ, ಈಗ ಹೇಗೆ ನಡೀತಿದೆ ಅಂತ ಕೂತು ನೋಡೋದು.

ಹಂತ 2: ಮೂರು ಸಲ ಒತ್ತಿದರೂ ಒಂದೇ ಆರ್ಡರ್

ಲಿಫ್ಟಿನ ಬಟನ್ ಒಂದು ಸಲ ಒತ್ತಿ, ಹತ್ತು ಸಲ ಒತ್ತಿ, ಲಿಫ್ಟ್ ಬರೋದು ಒಂದೇ ಸಲ. ಈ ಗುಣಕ್ಕೆ ಐಡೆಂಪೊಟೆನ್ಸಿ ಅಂತಾರೆ. ಒತ್ತಿದ ಕೂಡಲೇ ಬಟನ್ ಬಂದ್ ಮಾಡಿದ್ರೆ ಸಾಕು ಅಂತ ನಾನು ಅಂದ್ಕೊಂಡಿದ್ದೆ. ಸಾಲದು. ಪುಟ ರಿಫ್ರೆಶ್ ಆದ್ರೆ ಬ್ರೌಸರ್ ಅದೇ ಫಾರ್ಮನ್ನು ಮತ್ತೆ ಕಳಿಸಬಹುದು.

ಸರಿಯಾದ ದಾರಿ: ಫಾರ್ಮ್ ತೆರೆದಾಗಲೇ ಅದಕ್ಕೊಂದು ವಿಶಿಷ್ಟ ಸಂಖ್ಯೆ ಕೊಡಿ. ಆರ್ಡರ್ ಜೊತೆ ಆ ಸಂಖ್ಯೆಯೂ ಸರ್ವರ್‌ಗೆ ಹೋಗಲಿ. ಡೇಟಾಬೇಸ್‌ನಲ್ಲಿ ಆ ಕಾಲಮ್‌ಗೆ ಯುನೀಕ್ ಅಂತ ನಿಯಮ ಹಾಕಿ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಹೊಸ ಆರ್ಡರ್ ಬೇಡ, ಹಳೇ ಆರ್ಡರಿನ ವಿವರವನ್ನೇ ವಾಪಸ್ ಕಳಿಸಿ.

ಹಂತ 3: ಹೆಸರನ್ನು ನಂಬಬೇಡಿ

ಊರಿನ ಜಾಗದಲ್ಲಿ ಏನು ಬೇಕಾದರೂ ಟೈಪ್ ಮಾಡಿ ಅಂತ ಬಿಟ್ಟಿದ್ದೆ. ಬೆಳಗಾವಿ, ಬೆಳಗಾಂ, ಬೆಳಗಾವ, ಇಂಗ್ಲಿಷಿನ ಹಳೇ ಸ್ಪೆಲ್ಲಿಂಗ್, ಹೀಗೆ ಒಂದೇ ಊರು ನಾಲ್ಕು ಊರಾಯ್ತು. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ನಮ್ಮದೂ ಅದರಲ್ಲಿ ಒಂದು. ಹೆಸರನ್ನೇ ಕೀ ಮಾಡಿಕೊಂಡ ಸೈಟಿನಲ್ಲಿ ಅವತ್ತು ಪ್ರತಿ ಟೇಬಲ್ ತಿದ್ದಬೇಕು. ರೈಲ್ವೆಯವರನ್ನು ನೋಡಿ: ಸ್ಟೇಷನ್ ಹೆಸರು ಬೆಳಗಾವಿ ಆದರೂ ಕೋಡ್ ಇವತ್ತಿಗೂ ಬಿಜಿಎಂ. ಖಾನಾಪುರ ಅಂತೂ ಒಂದೇ ಅಲ್ಲ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲೂ ಖಾನಾಪುರ ತಾಲೂಕು ಇದೆ. ಆದ್ದರಿಂದ ಊರಿಗೆ ಒಂದು ಐಡಿ ಕೊಡಿ, ಕನ್ನಡ, ಮರಾಠಿ, ಇಂಗ್ಲಿಷ್ ಹೆಸರುಗಳನ್ನು ಬೇರೆ ಇಡಿ.

ಇನ್ನೊಂದು ಮಾತು. ಖಾನಾಪುರ ಅನ್ನೋದು ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್‌ನಲ್ಲಿ ಗುಣಿತ ಚಿಹ್ನೆ ಸೇರಿ 7 ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 21 ಬೈಟ್. ಇಂಗ್ಲಿಷ್ ಲೆಕ್ಕದಲ್ಲಿ ಜಾಗ ಇಟ್ಟರೆ ಕನ್ನಡದ ಹೆಸರು ಅರ್ಧಕ್ಕೆ ತುಂಡಾಗಬಹುದು.

ಹಂತ 4: ಕೆಟ್ಟ ನೆಟ್‌ವರ್ಕ್‌ನಲ್ಲಿ ಪರೀಕ್ಷೆ

ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕನ್ನು ಬೇಕಂತಲೇ ನಿಧಾನ ಮಾಡುವ ಆಯ್ಕೆ ಇದೆ. ಅದನ್ನ ಹಾಕಿ ನಮ್ಮ ಆ್ಯಪ್ ನಾವೇ ಬಳಸಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ನಾನು ಆ ಐದು ನಿಮಿಷ ಕೊಟ್ಟಿದ್ದರೆ ಸಾವಿರ ಹಣತೆ ಉಳೀತಿರಲಿಲ್ಲ.

ಹಂತ 5: ಮುಗೀತು ಅನ್ನೋದಿಲ್ಲ

- ಪ್ರತಿ ಬದಲಾವಣೆ ಗಿಟ್‌ನಲ್ಲಿ ಇರಲಿ, ಏನು ಯಾಕೆ ಬದಲಿಸಿದ್ದು ಅಂತ ಒಂದು ಸಾಲು ಬರೆಯಿರಿ.
- ನೇರವಾಗಿ ಲೈವ್ ಸೈಟಿನಲ್ಲಿ ತಿದ್ದಬೇಡಿ. ಪ್ರಯೋಗಕ್ಕೆ ಇನ್ನೊಂದು ಪ್ರತಿ ಇಡಿ.
- ಬ್ಯಾಕಪ್ ತಗೊಂಡರೆ ಸಾಲದು, ಅದನ್ನ ವಾಪಸ್ ಹಾಕಿ ನೋಡಿ.
- ಲಾಗ್ ಓದಿ. ಒಂದೇ ನಿಮಿಷದಲ್ಲಿ ಒಂದೇ ಅಂಗಡಿಯಿಂದ ಮೂರು ಆರ್ಡರ್ ಬಂದದ್ದು ನನ್ನ ಲಾಗ್‌ನಲ್ಲೇ ಇತ್ತು, ನಾನೇ ನೋಡಿರಲಿಲ್ಲ.

ಈ ದೀಪಾವಳಿಗೆ ಮಾಮಾ ಮತ್ತೆ ಆ್ಯಪ್ ಬಳಸೋಕೆ ಒಪ್ಪಿದ್ದಾರೆ, ಆದರೆ ಒಂದು ಷರತ್ತು. ಒಂದು ತಿಂಗಳು ಆ್ಯಪ್, ನೋಟ್‌ಬುಕ್ ಎರಡೂ ನಡೆಯಬೇಕು, ದಿನಾ ಸಂಜೆ ಎರಡರ ಲೆಕ್ಕ ತಾಳೆ ಆಗಬೇಕು. ಪುಸ್ತಕದಲ್ಲಿ ಇದಕ್ಕೆ ಪ್ಯಾರಲಲ್ ರನ್ ಅಂತಾರೆ. ಮಾಮಾ ಆ ಪುಸ್ತಕ ಓದಿಲ್ಲ.

ಅಂದ ಹಾಗೆ, ಹಾಸ್ಟೆಲ್‌ನಲ್ಲಿ ಯಾರಿಗಾದ್ರೂ ಹಣತೆ ಬೇಕಿದ್ರೆ ಹೇಳಿ. ಚೀಲಗಳು ಇನ್ನೂ ಮಾಮಾನ ಪಡಸಾಲೆಯಲ್ಲೇ ಇವೆ.