ಹಳೆಯ ಪಿಕಪ್‌ನ ಡೀಸೆಲ್ ದಾಹ

ವಡೋದರಾದ ಗೋರ್ವಾ ಕೈಗಾರಿಕಾ ವಸಾಹತಿನಲ್ಲಿ ಹಳೆಯ ಟಾಟಾ 207 ನಂಬಿ ಬದುಕುವ ಗೆಳೆಯರೇ, ಮೈಲೇಜ್ ಬಿತ್ತೆಂದು ಗಾಡಿಯನ್ನು ಗುಜರಿಗೆ ಹಾಕಬೇಡಿ. ಮೊದಲು ಟ್ಯಾಂಕ್ ತುಂಬಿಸಿ, ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ಲೆಕ್ಕ ಹಾಕಿ. ಅಂದಾಜನ್ನು ನೆಚ್ಚಬೇಡಿ.

ಎಂಜಿನ್ ಬಿಚ್ಚುವ ಮುನ್ನ ಚಕ್ರಗಳನ್ನು ನೋಡಿ. ಗಾಡಿ ನಿಲ್ಲಿಸಿದ ಕೂಡಲೇ ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಕಾವು ಉಗುಳುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು. ಜ್ಯಾಕ್ ಹಾಕಿ ಕೈಯಲ್ಲಿ ತಿರುಗಿಸಿದರೆ ಮುಂದಿನ ಚಕ್ರ ಸಲೀಸಾಗಿ ಸುತ್ತಬೇಕು. ನನ್ನ ಮಟ್ಟಿಗೆ ಹೆಚ್ಚಿನ ಡೀಸೆಲ್ ಸೋರುವುದು ಇಲ್ಲೇ.

ಟೈರ್ ಗಾಳಿ ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗಲೇ ನೋಡಿಸಿ. ಬೇಸಿಗೆಯ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಅದನ್ನು ಶುಚಿ ಮಾಡಿಸಿದ ಮೇಲೂ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಪರೀಕ್ಷೆ ಮಾಡಿಸಿ.